ಗೊತ್ತಿಲ್ಲದ ಹಾಡೇ ಇಲ್ಲ

ತಿದಿ ಮೇಷ್ಟ್ರ ಕಾರ್ಡಿನ ಮೇಲೆ ಹಾಗೆಂದು ಅಚ್ಚಾಗಿತ್ತು. ಒಂದು ಮೂಲೆಯಲ್ಲಿ ಅವರ ಫೋಟೊ, ಇನ್ನೊಂದು ಮೂಲೆಯಲ್ಲಿ ಫೋನ್ ನಂಬರು, ನಡುವೆ ಕೆಂಪಕ್ಷರದಲ್ಲಿ ‘ನನಗೆ ಗೊತ್ತಿಲ್ಲದ ಹಾಡೇ ಇಲ್ಲ’. ಅಷ್ಟು ದೊಡ್ಡ ಮಾತನ್ನು ಅಂಗೈಯಗಲದ ಕಾಗದದೊಳಗೆ ಹಿಡಿಸಿದ ಪ್ರೆಸ್ಸಿನವನ ಕೈಚಳಕವನ್ನು ಮೆಚ್ಚಲೇಬೇಕು. ಕಾರ್ಡು ತಲುಪುತ್ತಿದ್ದುದು ಹೆಚ್ಚಾಗಿ ಎಂಬತ್ತು ದಾಟಿದವರ ಕೈಗೆ. ಅವರಿಗೆ ಕನ್ನಡಕವಿಲ್ಲದೆ ಓದಲಾಗದು, ಕನ್ನಡಕ ಎಲ್ಲಿಟ್ಟೆವೆಂದು ನೆನಪಾಗದು. ಹಾಗಾಗಿ ಹತ್ತೊಂಬತ್ತು ವರ್ಷ ಆ ಮಾತಿಗೆ ಯಾರೂ ಎದುರಾಡಿರಲಿಲ್ಲ.

ಮೇಷ್ಟ್ರು ಯಾರಿಗೂ ಯಾವತ್ತೂ ಏನನ್ನೂ ಕಲಿಸಿದವರಲ್ಲ. ಎದೆಗೆ ಅಕಾರ್ಡಿಯನ್ ಬಿಗಿದುಕೊಂಡು, ಅದರ ತಿದಿಯನ್ನು ಎಳೆದು ಒತ್ತಿ ನುಡಿಸುತ್ತಿದ್ದುದರಿಂದ ಜನ ತಿದಿ ಎಂದರು. ಮೇಷ್ಟ್ರು ಎಂಬುದನ್ನು ಅವರೇ ಸೇರಿಸಿಕೊಂಡರು. ವಾರದಲ್ಲಿ ಐದು ದಿನ, ಐದು ಹಿರಿಯರ ನಿವಾಸಗಳಲ್ಲಿ, ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಒಬ್ಬರೇ ನಿಂತು ನುಡಿಸಿ, ಹಾಡಿ, ನಡುನಡುವೆ ಎರಡು ಹಳೇ ಜೋಕು ಹೇಳಿ ಬರುವುದು ಅವರ ಕಸುಬು. ಜೊತೆಗೆ ಡೋಲಿನವನಿಲ್ಲ, ಕೊಳಲಿನವನಿಲ್ಲ. ಇದ್ದಿದ್ದರೆ ಚಪ್ಪಾಳೆಯಲ್ಲಿ ಪಾಲು ಕೊಡಬೇಕಾಗುತ್ತಿತ್ತು.

ಅದಕ್ಕೂ ಮೊದಲು ಅವರು ಐದು ಮಹಡಿಯ ಬಟ್ಟೆ ಅಂಗಡಿಯೊಂದರಲ್ಲಿ ಲಿಫ್ಟ್ ನಡೆಸುತ್ತಿದ್ದರು. ಸ್ಟೂಲಿನ ಮೇಲೆ ಕೂತು, ಹಿತ್ತಾಳೆಯ ಹಿಡಿ ತಿರುಗಿಸಿ, ‘ಮೂರನೇ ಮಹಡಿ, ಕಂಬಳಿ, ಹೊದಿಕೆ’ ಎಂದು ರಾಗವಾಗಿ ಕೂಗುತ್ತ ಜನರನ್ನು ಏರಿಸಿ ಇಳಿಸುವುದು. ಒಂದು ದಿನ ಮಾಲೀಕರು ಗುಂಡಿ ಒತ್ತಿದರೆ ತಾನೇ ಹೋಗುವ ಲಿಫ್ಟ್ ತಂದು ಕೂರಿಸಿದರು. ಮೇಷ್ಟ್ರ ಕೈಗೆ ಒಂದು ಗೋಡೆ ಗಡಿಯಾರ ಕೊಟ್ಟು, ನಾಲ್ಕು ಒಳ್ಳೇ ಮಾತಾಡಿ, ಬಾಗಿಲವರೆಗೂ ಬಂದು ಕಳಿಸಿಕೊಟ್ಟರು. ಅಂದಿನಿಂದ ಗುಂಡಿಯಿರುವ ಯಂತ್ರ ಕಂಡರೆ ಅವರಿಗೆ ಮೈಯೆಲ್ಲಾ ಉರಿ. ತಮ್ಮ ಅಕಾರ್ಡಿಯನ್ನಿನ ಎಡಮಗ್ಗುಲಿಗೇ ಎಂಬತ್ತು ಗುಂಡಿಗಳಿವೆ ಎಂಬುದು ಬೇರೆ ವಿಷಯ.

ಆ ಅಕಾರ್ಡಿಯನ್ ಸೋದರಮಾವನದು. ಮಾವ ಸರ್ಕಸ್ಸಿನಲ್ಲಿ ನುಡಿಸುತ್ತಿದ್ದವರು. ಅಳಿಯನಿಗೆ ಅವರು ಮನಸ್ಸಿಟ್ಟು ಕಲಿಸಿದ್ದು ಒಂದೇ ಒಂದು ಧಾಟಿ: ಆನೆ ಸ್ಟೂಲ್ ಹತ್ತುವಾಗ ನುಡಿಸುವುದು. ಆನೆ ಒಂದು ಕಾಲಿಡುತ್ತದೆ, ಯೋಚನೆ ಮಾಡುತ್ತದೆ, ಇನ್ನೊಂದು ಕಾಲಿಡುತ್ತದೆ, ಮತ್ತೆ ಯೋಚನೆ ಮಾಡುತ್ತದೆ. ಹಾಗಾಗಿ ಆ ಧಾಟಿಯನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಎಲ್ಲಿಂದ ಬೇಕಾದರೂ ಎತ್ತಿಕೊಳ್ಳಬಹುದು. ಯಾವ ಮಾತನ್ನು ಬೇಕಾದರೂ ಅದಕ್ಕೆ ತುರುಕಬಹುದು. ಈ ಗುಣವೇ ಮುಂದೆ ಮೇಷ್ಟ್ರ ಕೈ ಹಿಡಿದು ನಡೆಸಿತು.

ನಡೆಸಿದ್ದು ಹೀಗೆ. ಪ್ರತಿ ನಿವಾಸದಲ್ಲೂ ಒಂದು ಬಿಸ್ಕತ್ತಿನ ಡಬ್ಬ. ಯಾರಿಗೆ ಯಾವ ಹಾಡು ಬೇಕೋ ಚೀಟಿ ಬರೆದು ಅದರಲ್ಲಿ ಹಾಕುವುದು. ಮೇಷ್ಟ್ರು ಒಂದೊಂದೇ ಚೀಟಿ ತೆಗೆದು, ಗಟ್ಟಿಯಾಗಿ ಓದಿ, “ಓಹೋ, ಇದಾ, ಇದನ್ನ ಕೇಳಿ ಎಷ್ಟು ಕಾಲ ಆಯ್ತು” ಎಂದು ಕಣ್ಣು ಮುಚ್ಚುತ್ತಿದ್ದರು. ಗೊತ್ತಿರುವ ನಲವತ್ತು ಹಾಡುಗಳಲ್ಲಿ ಅದೊಂದಾಗಿದ್ದರೆ ಸರಿ. ಅಲ್ಲವಾದರೆ ಆನೆಯ ಧಾಟಿ. ಎರಡು ಗೆರೆ ಮುಗಿಯುವುದರೊಳಗೆ ಮುಂದಿನ ಸಾಲಿನ ಯಾರಾದರೂ “ಇದೇ, ಇದೇ” ಎನ್ನುತ್ತಿದ್ದರು. ಎರಡನೇ ಸಾಲಿನಲ್ಲಿ ಒಬ್ಬರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಜನರ ಮೊದಲ ಪ್ರೀತಿ, ಎಷ್ಟು ಜನರ ಸತ್ತ ಗಂಡಂದಿರು ಆ ಸ್ಟೂಲಿನ ಮೇಲೆ ಹತ್ತಿ ನಿಂತರೋ ಲೆಕ್ಕವಿಲ್ಲ.

ಮೇಷ್ಟ್ರಿಗೆ ಕಸುಬೇ ಬರುತ್ತಿರಲಿಲ್ಲವೆಂದರೆ ನಾಲಿಗೆಗೆ ಹುಳ ಬೀಳುತ್ತದೆ. ಮುದಿ ಗಂಟಲು ಎಷ್ಟು ತಗ್ಗಿಗೆ ಇಳಿದಿರುತ್ತದೆಂದು ಅವರಿಗೆ ಗೊತ್ತಿತ್ತು. ಯಾವ ಹಾಡನ್ನಾದರೂ ಶ್ರುತಿಯಲ್ಲಿ ನಾಲ್ಕು ಮನೆ ಕೆಳಗಿಳಿಸಿ ಹಿಡಿಯುತ್ತಿದ್ದರು. ಒಂದು ಗೆರೆ ಮುಗಿದ ಮೇಲೆ ತಿದಿಯನ್ನು ಹಾಗೇ ಹಿಡಿದು, ಎದುರಿನವರು ಉಸಿರು ತೆಗೆದುಕೊಂಡದ್ದನ್ನು ನೋಡಿಯೇ ಮುಂದಿನ ಗೆರೆಗೆ ಕೈ ಹಾಕುತ್ತಿದ್ದರು. ಯಾರ ಯಾವ ಕಿವಿ ಕೇಳುತ್ತದೆ, ಯಾರ ಕಿವಿಯೊಳಗಿನ ಯಂತ್ರ ಯಾವ ಸ್ವರ ಮುಟ್ಟಿದರೆ ಕುಯ್ ಎನ್ನುತ್ತದೆ ಎಲ್ಲವೂ ಬಾಯಿಪಾಠ. “ನನ್ನ ಕಿವಿ ಸುಳ್ಳು ಹೇಳೋದಿಲ್ಲ” ಎಂದು ಅವರು ಹೇಳಿಕೊಳ್ಳುತ್ತಿದ್ದರು. ಉಳಿದ ಅಂಗಾಂಗಗಳ ಬಗ್ಗೆ ಏನೂ ಹೇಳುತ್ತಿರಲಿಲ್ಲ.

ಬುಧವಾರದ ನಿವಾಸವೇ ಐದರಲ್ಲಿ ದೊಡ್ಡದು. ಉದ್ದನೆಯ ಹಜಾರ, ಕೈಯಿರುವ ಕುರ್ಚಿಗಳು, ಫಿನಾಯಿಲ್ ವಾಸನೆ, ಒಂದೇ ಮೀನಿರುವ ಗಾಜಿನ ತೊಟ್ಟಿ. ಬಾಗಿಲ ಬಳಿ ಬೋರ್ಡು: ‘ಇಂದು ಬುಧವಾರ. ಬಿಸಿಲು. ಮೂರಕ್ಕೆ ಸಂಗೀತ.’ ಹೊರಗೆ ಮಳೆ ಸುರಿಯುತ್ತಿದ್ದರೂ ಬೋರ್ಡಿನಲ್ಲಿ ಬಿಸಿಲೇ. ಹಿರಿಯರ ಮನಸ್ಸು ಕುಗ್ಗಬಾರದಲ್ಲ. ಮುಂದಿನ ಸಾಲಿನ ಮೊದಲ ಕುರ್ಚಿ ಕಂಡಕ್ಟರ್ ತಾತನದು. ಬಸ್ಸಿನಲ್ಲಿ ಮೂವತ್ತೆರಡು ವರ್ಷ ಸೀಟಿ ಊದಿದವನು. ಮೇಷ್ಟ್ರು ಬಂದ ಕೂಡಲೇ “ರೈಟ್” ಎನ್ನುತ್ತಿದ್ದ, ನಾಲ್ಕು ಗಂಟೆಗೆ ಚಹಾದ ಗಾಡಿ ಬಂದ ಕೂಡಲೇ “ಹೋಲ್ಡಾನ್” ಎನ್ನುತ್ತಿದ್ದ. ನಡುವೆ ನಿದ್ದೆ ಮಾಡುತ್ತಿದ್ದ.

ಇಂಥ ಸುಖ ಸಂಸಾರಕ್ಕೆ ಇಸ್ತ್ರಿ ಅಜ್ಜಿ ಬಂದಳು.

ಲಾಂಡ್ರಿ ನಡೆಸಿದ ಹೆಂಗಸು. ಒಬ್ಬಳೇ ನಿಂತು, ಐವತ್ತು ವರ್ಷ ಊರವರ ಬಟ್ಟೆಯ ಸುಕ್ಕು ಬಿಡಿಸಿದ್ದಳು. ಪಾರ್ಶ್ವವಾಯು ಹೊಡೆದು ಬಲಗೈ ಬಲಗಾಲು ಬಿದ್ದುಹೋದ ಮೇಲೆ ಮಗಳು ತಂದು ಸೇರಿಸಿದಳು. ಸೇರಿಸುವಾಗ ಫಾರಂ ತುಂಬಬೇಕಿತ್ತು. ‘ಇಷ್ಟದ ಹಾಡು’ ಎಂಬಲ್ಲಿ ಮಗಳು ತಲೆ ಕೆರೆದುಕೊಂಡು ‘ಅಮ್ಮ ಇಸ್ತ್ರಿ ಮಾಡುವಾಗ ಹಾಡುತ್ತಿದ್ದ ಹಾಡು’ ಎಂದು ಬರೆದಳು. ನಿವಾಸಕ್ಕೆ ಹೊಸದಾಗಿ ಬಂದಿದ್ದ ಚಟುವಟಿಕೆ ಮೇಡಂ, ಅಂದರೆ ಹಿರಿಯರನ್ನು ಹೊತ್ತುಹೊತ್ತಿಗೆ ಖುಷಿಪಡಿಸುವ ಅಧಿಕಾರಿ, ಅದನ್ನು ಒಂದಕ್ಷರ ಬಿಡದೆ ಚೀಟಿಗಿಳಿಸಿ ಡಬ್ಬದೊಳಗೆ ಹಾಕಿದಳು.

ಬುಧವಾರ ಮೇಷ್ಟ್ರು ಚೀಟಿ ತೆಗೆದು ಓದಿದರು.

“ಅಮ್ಮ ಇಸ್ತ್ರಿ ಮಾಡುವಾಗ ಹಾಡುತ್ತಿದ್ದ ಹಾಡು. ಓಹೋ, ಇದಾ. ಇದನ್ನ ಕೇಳಿ ಎಷ್ಟು ಕಾಲ ಆಯ್ತು.”

ಬೇರೆ ಯಾರಾದರೂ ಆಗಿದ್ದರೆ ‘ಯಾವ ಹಾಡು’ ಎಂದು ಕೇಳುತ್ತಿದ್ದರು. ಅದು ಅಜ್ಞಾನಿಗಳ ಲಕ್ಷಣ. ಮೇಷ್ಟ್ರು ಕಣ್ಣು ಮುಚ್ಚಿ ಆನೆಯನ್ನು ಕರೆದರು. ಆನೆ ಬಂತು, ಒಂದು ಕಾಲಿಟ್ಟಿತು, ಯೋಚನೆ ಮಾಡಿತು.

“ಇದೇ, ಇದೇ,” ಎಂದರು ಮುಂದಿನ ಸಾಲಿನವರು.

“ಅಲ್ಲ.”

ಮೇಷ್ಟ್ರು ಕಣ್ಣು ಬಿಟ್ಟರು. ಗಾಲಿಕುರ್ಚಿಯಲ್ಲಿ ಕೂತ ಹೊಸ ಅಜ್ಜಿ ಅವರನ್ನೇ ನೋಡುತ್ತಿದ್ದಳು. ಅವಳ ಕಣ್ಣು ಮೊದಲು ಮುಖದ ಮೇಲೆ, ಆಮೇಲೆ ಅಂಗಿಯ ಕಾಲರಿನ ಮೇಲೆ ನಿಂತಿತು. ಮೇಷ್ಟ್ರ ಮೈಮೇಲೆ ಕಾರ್ಯಕ್ರಮಕ್ಕೆಂದೇ ಹೊಲಿಸಿದ ಮಖಮಲ್ಲಿನ ಕೋಟು. ಒಳಗಿನ ಅಂಗಿಗೆ ಮಾತ್ರ ಇಸ್ತ್ರಿಯ ಮುಖ ಗೊತ್ತಿರಲಿಲ್ಲ. ಕೋಟು ಮುಚ್ಚುವುದನ್ನು ಯಾರು ನೋಡುತ್ತಾರೆ ಎಂಬುದು ಅವರ ವಾದ.

“ಅಲ್ಲ,” ಎಂದಳು ಅಜ್ಜಿ ಮತ್ತೆ. ಆಮೇಲೆ ದನಿ ಏರಿಸಿ, ಇಳಿಸಿ, ಎಳೆದು, ತುಂಡರಿಸಿ, ಎಡಗೈಯನ್ನು ಕುರ್ಚಿಯ ತೋಳಿನ ಮೇಲೆ ಮುಂದೆ ಹಿಂದೆ ಉಜ್ಜುತ್ತ ಬೈಯತೊಡಗಿದಳು. “ಅಲ್ಲ. ಅಲ್ಲಲ್ಲ, ಅಲ್ಲ. ಅ...ಲ್ಲ.” ಉಸಿರು ಮುಗಿಯುವವರೆಗೂ ಬೈದಳು.

ನಿದ್ದೆಯಲ್ಲಿದ್ದ ಕಂಡಕ್ಟರ್ ತಾತ ಎದ್ದುಕೂತ. “ಏನಪ್ಪಾ ಮೇಷ್ಟ್ರೇ, ಟಿಕೆಟ್ ಇಲ್ದೆ ಸಿಕ್ಕಿಬಿದ್ದಂಗೆ ಕಾಣ್ತದೆ.”

“ಏನಿಲ್ಲ ತಾತ. ಅಜ್ಜಿಗೆ ಇದರ ಇನ್ನೊಂದು ಧಾಟಿ ಗೊತ್ತಿರಬೇಕು. ಮುಂದಿನ ವಾರ ಅದನ್ನೇ ತರ್ತೀನಿ.”

“ತಗೊಂಬಾ. ಅವಸರ ಇಲ್ಲ, ನಾವೆಲ್ಲೂ ಹೋಗಲ್ಲ.”

ಮನೆಗೆ ಬಂದ ಮೇಲೂ ಆ ‘ಅಲ್ಲ’ ಕಿವಿಯಿಂದ ಇಳಿಯಲಿಲ್ಲ. ಮೇಷ್ಟ್ರ ಹೆಂಡತಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಡಾಕ್ಟರುಗಳ ಕೈಬರಹ ಓದಿ ಪಳಗಿದವಳಿಗೆ ಗಂಡನ ಮುಖ ಓದುವುದು ಯಾವ ಲೆಕ್ಕ.

“ಏನ್ರೀ, ಯಾರಾದ್ರೂ ಹೋಗಿಬಿಟ್ರಾ?”

“ಇಲ್ಲ. ಒಬ್ಬಳು ಬಂದಿದಾಳೆ.”

ಎಲ್ಲ ಕೇಳಿ ಅವಳು ಸೌಟು ಹಿಡಿದುಕೊಂಡೇ ನಕ್ಕಳು. “ನೋಡಿದ್ರಾ, ಹತ್ತೊಂಬತ್ತು ವರ್ಷಕ್ಕೆ ಒಬ್ಬಳಿಗೆ ಅದು ಆನೆ ಅಂತ ಗೊತ್ತಾಯ್ತು.”

“ಅವಳಿಗೆ ಕಿವಿ ಇಲ್ಲ.”

“ಹಾಗಾದ್ರೆ ಸಮಾಧಾನ ಮಾಡ್ಕೊಳ್ಳಿ. ಉಳಿದೋರಿಗೆಲ್ಲ ಇದೆ, ನಿಮ್ಮ ಪುಣ್ಯಕ್ಕೆ ಕೇಳ್ಸಲ್ಲ ಅಷ್ಟೇ.”

ಎರಡನೇ ಬುಧವಾರ ಮೇಷ್ಟ್ರು ತಮ್ಮ ನಲವತ್ತರಲ್ಲಿ ಒಂದನ್ನು ಆರಿಸಿ ಒಯ್ದರು. “ಅಲ್ಲ” ಎಂದಳು ಅಜ್ಜಿ, ಮತ್ತೆ ಅದೇ ಉದ್ದದ ಬೈಗುಳ. ಮೂರನೇ ಬುಧವಾರ ಮತ್ತೊಂದು. “ಅಲ್ಲ.” ನಾಲ್ಕನೇ ಬುಧವಾರ ನುಡಿಸುವ ಮೊದಲೇ “ಅಲ್ಲ” ಎಂದಳು. ಅಷ್ಟು ಹೊತ್ತಿಗೆ ಹಜಾರದಲ್ಲಿ ಹೊಸ ಕಳೆ ಬಂದಿತ್ತು. ಮೊದಲು ಕೇಳುತ್ತ ಕೇಳುತ್ತ ತೂಕಡಿಸುತ್ತಿದ್ದವರು ಈಗ ಬಿಸ್ಕತ್ತಿನ ಪಣ ಕಟ್ಟಿಕೊಂಡು ಎಚ್ಚರವಾಗಿ ಕೂರುತ್ತಿದ್ದರು. ಮೇಷ್ಟ್ರ ಸಂಗೀತಕ್ಕೆ ಜನ ಇಷ್ಟು ಗಮನ ಕೊಟ್ಟದ್ದು ಅದೇ ಮೊದಲು.

ಗಮನ ಕೊಟ್ಟವರಲ್ಲಿ ಚಟುವಟಿಕೆ ಮೇಡಂ ಕೂಡ ಒಬ್ಬಳು. ಅವಳ ಬಳಿ ಒಂದು ಹಾಳೆಯಿತ್ತು. ಅದರಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಮೂರು ಮುಖ: ನಗುವ ಮುಖ, ಸುಮ್ಮನಿರುವ ಮುಖ, ಅಳುವ ಮುಖ. ಕಾರ್ಯಕ್ರಮ ಮುಗಿದ ಮೇಲೆ “ಹಿಡಿಸ್ತಾ” ಎಂದು ಕೇಳಿ ಯಾವುದೋ ಒಂದಕ್ಕೆ ಗುರುತು ಹಾಕುವುದು. ನಾಲ್ಕು ವಾರವೂ ಇಸ್ತ್ರಿ ಅಜ್ಜಿಯ ಮುಂದೆ ಅಳುವ ಮುಖವೇ ಬಿದ್ದಿತ್ತು.

“ಮಾಸ್ಟ್ರೇ, ತಪ್ಪು ತಿಳ್ಕೋಬೇಡಿ,” ಎಂದಳು ಮೇಡಂ ಆ ನಾಲ್ಕನೇ ಬುಧವಾರವೇ. ಹಾಗೆಂದವರೆಲ್ಲ ಮುಂದೆ ಏನು ಹೇಳುತ್ತಾರೆಂದು ಮೇಷ್ಟ್ರಿಗೆ ಬಟ್ಟೆ ಅಂಗಡಿಯಿಂದಲೇ ಗೊತ್ತು. “ಆಡಳಿತದವರು ಹಾಡುವ ಡಬ್ಬಿ ತರಿಸಿದಾರೆ. ಬಾಯಲ್ಲಿ ಹೇಳಿದ್ರೆ ಸಾಕು, ಯಾವ ಹಾಡಾದ್ರೂ ಹಾಡತ್ತೆ. ಮುಂದಿನ ತಿಂಗಳ ಮೊದಲ ಬುಧವಾರ ಡಬ್ಬಿನೂ ಇರಲಿ, ನೀವೂ ಇರಿ. ಒಂದೇ ಒಂದು ಅಳೋ ಮುಖ ಬಂದ್ರೂ ಬುಧವಾರ ಡಬ್ಬಿಗೆ ಅಂತ ಹೇಳಿದಾರೆ.”

“ಅದಕ್ಕೆ ಗುಂಡಿ ಇದೆಯಾ?”

“ಒಂದೇ ಗುಂಡಿ.”

“ಹಾಗಾದ್ರೆ ನನಗಿಂತ ಎಪ್ಪತ್ತೊಂಬತ್ತು ಕಮ್ಮಿ,” ಎಂದರು ಮೇಷ್ಟ್ರು. ಮೇಡಮ್ಮಿಗೆ ಅರ್ಥವಾಗಲಿಲ್ಲ. ಮೇಷ್ಟ್ರು ಒಳಗೊಳಗೇ ಲೆಕ್ಕ ಹಾಕಿದರು. ಬುಧವಾರ ಹೋಯಿತೆಂದರೆ ಸುದ್ದಿ ಉಳಿದ ನಾಲ್ಕು ನಿವಾಸಗಳಿಗೂ ಹೋಗುತ್ತದೆ. ಅಲ್ಲಿಯೂ ಡಬ್ಬಿ ತರಲು ಎಷ್ಟು ಹೊತ್ತು. ಅರವತ್ತೊಂದನೇ ವಯಸ್ಸಿನಲ್ಲಿ ಇನ್ನೊಂದು ಗೋಡೆ ಗಡಿಯಾರ ತೂಗುಹಾಕಲು ಮನೆಯಲ್ಲಿ ಮೊಳೆ ಇರಲಿಲ್ಲ.

ಹೀಗೆ ಗೊತ್ತಿಲ್ಲದ ಹಾಡೇ ಇಲ್ಲದ ಮನುಷ್ಯ ಹಾಡು ಹುಡುಕಲು ಹೊರಟರು. ಬೆಳಗಾದರೆ ಲಾಂಡ್ರಿಗಳ ಬಾಗಿಲಲ್ಲಿ ನಿಲ್ಲುತ್ತಿದ್ದರು. “ಅಣ್ಣಾ, ಇಸ್ತ್ರಿ ಮಾಡುವಾಗ ಯಾವ ಹಾಡು ಹಾಡ್ತೀಯ?” ಎಂದರೆ ಒಬ್ಬ, “ಹಾಡ್ತಾ ಕೂತ್ರೆ ಬಟ್ಟೆ ಸುಟ್ಟುಹೋಗತ್ತೆ ಸ್ವಾಮೀ” ಎಂದ. ಇನ್ನೊಬ್ಬ ಬಟ್ಟೆ ಎಲ್ಲಿ ಎಂದು ಕೇಳಿದ. ಹಳೇ ರೆಕಾರ್ಡು ಮಾರುವವನ ಅಂಗಡಿಯಲ್ಲಿ ಕೂತು ಧೂಳು ಕುಡಿದರು. ಇಸ್ತ್ರಿ ಅಜ್ಜಿಯ ಪ್ರಾಯದ ಕಾಲದ ಹಾಡುಗಳನ್ನು ಒಂದೊಂದಾಗಿ ಕೇಳಿ, ಅಕಾರ್ಡಿಯನ್ನಿಗೆ ಇಳಿಸಿ, ತಪ್ಪಿ, ಮತ್ತೆ ಇಳಿಸಿ, ವಾರಕ್ಕೊಂದರಂತೆ ಕಲಿತರು. ಆನೆಗೆ ರಜೆ ಸಿಕ್ಕಿತು.

“ಕಲೀತಿದೀರಾ?” ಎಂದಳು ಹೆಂಡತಿ, ಅಡುಗೆಮನೆ ಬಾಗಿಲಲ್ಲಿ ನಿಂತು. “ನೀವು? ಮೈ ಹುಷಾರಿದೆಯಾ?”

“ಇದು ಕಲಿಯೋದಲ್ಲ. ಮರೆತಿದ್ದನ್ನ ನೆನಪು ಮಾಡ್ಕೋತಿದೀನಿ.”

“ಹೌದಾ. ಎಂದೂ ಗೊತ್ತಿಲ್ದೇ ಇದ್ದಿದ್ದನ್ನ ಮರೆಯೋಕೆ ಭಾರೀ ಬುದ್ಧಿ ಬೇಕು.”

ಐದು, ಆರು, ಏಳು. ಮೂರು ಬುಧವಾರ, ಮೂರು ಹೊಸ ಹಾಡು, ಮೂರೂ “ಅಲ್ಲ”. ಬೈಗುಳ ಪ್ರತಿಸಲವೂ ಉದ್ದವಾಗಿ, ಏರಿಳಿತವಾಗಿ, ಎಡಗೈಯ ಉಜ್ಜಾಟದೊಂದಿಗೆ. ಕಂಡಕ್ಟರ್ ತಾತನಿಗೆ ಅಜ್ಜಿಯ ಮೇಲೆ ಎಲ್ಲಿಲ್ಲದ ಗೌರವ ಬಂದಿತ್ತು. “ಈ ಮನೇಲಿ ನಿಜ ಹೇಳೋಳು ಅಂದ್ರೆ ಇವಳೊಬ್ಬಳೇ,” ಎಂದು ಎಲ್ಲರಿಗೂ ಹೇಳುತ್ತಿದ್ದ. “ಊಟ ಹೇಗಿದೆ ಅಂದ್ರೂ ಅಲ್ಲ ಅಂತಾಳೆ. ಇನ್ನೇನು ಬೇಕು.”

ಪರೀಕ್ಷೆಯ ಬುಧವಾರಕ್ಕೆ ಎರಡು ದಿನ ಮುಂಚೆ ಮೇಷ್ಟ್ರು ನಿವಾಸಕ್ಕೆ ಹೋದರು. ಅಜ್ಜಿಯ ಮಗಳು ಭಾನುವಾರ ಬಂದಾಗ ಆ ಹಾಡು ಯಾವುದೆಂದು ಕೇಳಿಡಲು ನರ್ಸಮ್ಮನಿಗೆ ಹೇಳಿದ್ದರು. ನರ್ಸಮ್ಮ ಮಾತ್ರೆಗಳನ್ನು ಪುಟ್ಟ ಲೋಟಗಳಿಗೆ ಹಂಚುತ್ತಿದ್ದಳು.

“ಮಗಳಿಗೂ ಗೊತ್ತಿಲ್ವಂತೆ. ಅವಳು ಚಿಕ್ಕವಳಿದ್ದಾಗ ಕೇಳಿದ್ದಂತೆ. ಅಮ್ಮನೇ ಕಟ್ಟಿದ್ದೋ ಏನೋ ಅಂದ್ಲು.”

“ಅಜ್ಜಿನೇ ಒಂದು ಗೆರೆ ಹೇಳಬಹುದಿತ್ತಲ್ಲ ನರ್ಸಮ್ಮ. ಬರೀ ಅಲ್ಲ ಅಲ್ಲ ಅಂತ ನನ್ನ ಮಾನ ತೆಗೀತಾಳೆ.”

ನರ್ಸಮ್ಮ ಕೈ ನಿಲ್ಲಿಸಿ ನೋಡಿದಳು. “ನಿಮಗೆ ಗೊತ್ತಿಲ್ವಾ ಮೇಷ್ಟ್ರೇ? ಪಾರ್ಶ್ವವಾಯು ಆದ್ಮೇಲೆ ಅವರಿಗೆ ಉಳಿದಿರೋದು ಅದೊಂದೇ ಮಾತು. ನೀರು ಬೇಕಾದ್ರೂ ಅಲ್ಲ, ಬೇಡವಾದ್ರೂ ಅಲ್ಲ. ಬೇರೆ ಏನು ಹೇಳೋಕೆ ಹೋದ್ರೂ ಬಾಯಿಗೆ ಬರೋದು ಅದೇ.”

“ಮೇಡಂಗೆ ಹೇಳಿಲ್ವಾ?”

“ಅದು ಔಷಧಿ ಫೈಲಲ್ಲಿದೆ. ಅವರದು ಚಟುವಟಿಕೆ ಫೈಲು. ಬೇರೆ ಬೀರು. ನನ್ನ ಯಾರು ಕೇಳಿದ್ರು?”

ಮೇಷ್ಟ್ರು ಅಲ್ಲೇ ಇದ್ದ ತೂಕದ ಯಂತ್ರದ ಮೇಲೆ ನಿಂತುಬಿಟ್ಟರು. ಏಳು ವಾರ. ಧೂಳು ಕುಡಿದದ್ದು, ಲಾಂಡ್ರಿಯವರಿಂದ ಹುಚ್ಚನೆನ್ನಿಸಿಕೊಂಡದ್ದು, ಮೂರು ಹಾಡುಗಳನ್ನು ಮೈಮುರಿದು ಕಲಿತದ್ದು, ಎಲ್ಲ ಒಂದೇ ಮಾತಿರುವ ಹೆಂಗಸಿನ ಒಂದೇ ಮಾತಿಗಾಗಿ. ಮೊದಲು ನಾಚಿಕೆಯಾಯಿತು. ಆಮೇಲೆ ನಾಚಿಕೆಯ ಹಿಂದೆಯೇ ಭಾರೀ ಸಂತೋಷ ಬಂತು. ಹಾಗಾದರೆ ಆನೆ ಸೋತಿರಲಿಲ್ಲ. ಅಜ್ಜಿಗೆ ಕಣ್ಣೀರು ಬರುವಷ್ಟು ಹಿಡಿಸಿಯೂ ಇರಬಹುದು. ಮನುಷ್ಯನಿಗೆ ತನ್ನ ಬಗ್ಗೆ ಒಳ್ಳೆಯದನ್ನು ನಂಬಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

“ನರ್ಸಮ್ಮ, ಇದನ್ನೇ ಒಂದು ಕಾಗದದಲ್ಲಿ ಬರೆದುಕೊಡಿ. ಅವರ ಅಲ್ಲಕ್ಕೆ ಅರ್ಥವಿಲ್ಲ ಅಂತ. ಸಹಿ ಇರಲಿ.”

ಕಾಗದ ಬಂತು, ಮೊಹರು ಸಮೇತ. ಮೇಷ್ಟ್ರು ಅದನ್ನು ಕೋಟಿನ ಒಳಜೇಬಿಗಿಟ್ಟು, ಬುಧವಾರ ಉಳಿಯಿತೆಂದು ಎದೆ ತಟ್ಟಿಕೊಂಡು, ಓಣಿಯಲ್ಲಿ ಬಾಗಿಲ ಕಡೆ ನಡೆದರು. ಮಧ್ಯಾಹ್ನದ ಊಟವಾಗಿ ಎಲ್ಲ ಮಲಗಿದ್ದ ಹೊತ್ತು. ಕೊನೆಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗಿಂದ ದನಿ ಬರುತ್ತಿತ್ತು.

“ಅಲ್ಲ. ಅಲ್ಲಲ್ಲ, ಅಲ್ಲ. ಅ...ಲ್ಲ.”

ಮೇಷ್ಟ್ರು ಇಣುಕಿದರು. ಇಸ್ತ್ರಿ ಅಜ್ಜಿ ಮಂಚದ ಅಂಚಿನಲ್ಲಿ ಕೂತಿದ್ದಳು. ಕೋಣೆಯಲ್ಲಿ ಬೇರೆ ನರಪಿಳ್ಳೆಯಿಲ್ಲ. ಬೈಯಲು ಎದುರಿಗೆ ಯಾರೂ ಇಲ್ಲದೆ ಯಾರಾದರೂ ಬೈಯುತ್ತಾರೆಯೇ ಎಂದು ಯೋಚಿಸುತ್ತಿರುವಾಗಲೇ ಅವರ ಕಣ್ಣು ಅವಳ ಎಡಗೈಗೆ ಹೋಯಿತು. ಅದು ಹಾಸಿಗೆಯ ಮೇಲೆ ಉದ್ದಕ್ಕೆ ಮುಂದೆ ಹೋಗಿ, ಗಿಡ್ಡಕ್ಕೆ ಎರಡು ಸಲ ಹಿಂದೆ ಬಂದು, ಮೇಲೆದ್ದು, ಒಂದು ಕ್ಷಣ ನಿಂತು, ಮತ್ತೆ ಕೂರುತ್ತಿತ್ತು. ಹಾಸಿಗೆಯ ಮೇಲೆ ಕಾಣದ ಬಟ್ಟೆಯೊಂದರ ಸುಕ್ಕು ಹೋಗುತ್ತಿತ್ತು. ಕೈ ಮುಂದೆ ಹೋದಾಗ ಉದ್ದ ‘ಅಲ್ಲ’, ಹಿಂದೆ ಬಂದಾಗ ಎರಡು ಚಿಕ್ಕ ‘ಅಲ್ಲ’, ಮೇಲೆದ್ದಾಗ ಮೌನ. ಗೆರೆ ಮುಗಿಯಿತು, ಅಜ್ಜಿ ಉಸಿರು ತೆಗೆದುಕೊಂಡಳು, ಮುಂದಿನ ಗೆರೆ ಒಂದು ಮೆಟ್ಟಿಲು ಮೇಲಿಂದ ಎದ್ದಿತು.

ಸುಳ್ಳು ಹೇಳದ ಕಿವಿಗೆ ನಿಜ ಕೇಳಿಸಲು ಏಳು ವಾರ ಹಿಡಿದಿತ್ತು. ಏಳೂ ವಾರ ಅಜ್ಜಿ ಬೈದಿರಲಿಲ್ಲ. ಏಳೂ ವಾರ ಅದೇ ಏರು, ಅದೇ ಇಳಿತ, ಅದೇ ಎಳೆತ. ಮೇಷ್ಟ್ರು ಊರೆಲ್ಲ ಹುಡುಕಿದ ಹಾಡನ್ನು ಅವಳು ಎದುರಿಗೇ ಕೂತು, ಕೈಯಲ್ಲಿ ತಾಳ ಹಾಕಿ, ಪ್ರತಿ ಬುಧವಾರ ಪೂರಾ ಹಾಡಿ ತೋರಿಸಿದ್ದಳು. ಪ್ರತಿ ಬುಧವಾರ ಇವರು ‘ಮುಂದಿನ ವಾರ ತರ್ತೀನಿ’ ಎಂದು ಹೇಳಿ ಮನೆಗೆ ಹೋಗಿದ್ದರು.

ಮೇಷ್ಟ್ರು ಬಾಗಿಲ ಸಂದಿಯಲ್ಲಿ ನಿಂತೇ ಕೋಟಿನ ಗುಂಡಿಗಳ ಮೇಲೆ ಬೆರಳಾಡಿಸಿ ಮೊದಲ ಎರಡು ಗೆರೆ ಹಿಡಿದರು. ಮೂರನೆಯದು ಜಾರಿತು. ಅಷ್ಟರಲ್ಲಿ ಆಯಾ ಬಂದು, “ಗಂಡಸರು ಇಲ್ಲಿ ನಿಂತ್ಕೊಳ್ಳೋ ಹಂಗಿಲ್ಲ” ಎಂದು ಓಡಿಸಿದಳು.

ಬುಧವಾರ ಬಂತು. ಬೋರ್ಡಿನಲ್ಲಿ ಬಿಸಿಲು, ಹೊರಗೆ ಮೋಡ. ಮೇಜಿನ ಮೇಲೆ ಹಾಡುವ ಡಬ್ಬಿ, ಪಕ್ಕದಲ್ಲಿ ಮೇಡಂ, ಅವಳ ಕೈಯಲ್ಲಿ ಮುಖಗಳ ಹಾಳೆ.

“ರೈಟ್,” ಎಂದ ಕಂಡಕ್ಟರ್ ತಾತ.

ಡಬ್ಬಿ ಚೆನ್ನಾಗಿಯೇ ಹಾಡಿತು. ಕೇಳಿದ್ದನ್ನೆಲ್ಲ ಮೂಲ ದನಿಯಲ್ಲಿ, ಮೂಲ ವೇಗದಲ್ಲಿ ಹಾಡಿತು. ಹಿರಿಯರು ಜೊತೆಗೆ ಬಾಯಿ ಹಾಕಲು ಹೋಗಿ, ಗಂಟಲು ಅಷ್ಟು ಎತ್ತರಕ್ಕೆ ಏರದೆ, ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಹಾಡು ಮುಂದಿನ ನಿಲ್ದಾಣ ದಾಟಿ, ಸುಮ್ಮನೆ ಕೂತರು. ಡಬ್ಬಿ ಯಾರ ಉಸಿರಿಗೂ ಕಾಯಲಿಲ್ಲ. ಮೇಡಂ ಮಾತ್ರ ಖುಷಿಯಲ್ಲಿದ್ದಳು. ಕೊನೆಯ ಚೀಟಿಯನ್ನು ಡಬ್ಬಿಗೆ ಓದಿ ಹೇಳಿದಳು.

“ಅಮ್ಮ ಇಸ್ತ್ರಿ ಮಾಡುವಾಗ ಹಾಡುತ್ತಿದ್ದ ಹಾಡು.”

ಡಬ್ಬಿ ಒಂದು ಗಳಿಗೆ ಯೋಚಿಸಿತು. “ನಿಮ್ಮ ಹತ್ತಿರ ಮೂರು ಲಾಂಡ್ರಿಗಳಿವೆ,” ಎಂದಿತು. “ಒಂದು ಈಗ ಮುಚ್ಚಿದೆ.”

“ನೋಡಪ್ಪಾ,” ಎಂದ ಕಂಡಕ್ಟರ್ ತಾತ, “ಇದಕ್ಕೂ ಗೊತ್ತಿಲ್ಲದ್ದೇ ಇಲ್ಲ.”

ಮೇಷ್ಟ್ರು ತಿದಿಯ ಪಟ್ಟಿ ಬಿಚ್ಚಿದರು. ‘ಓಹೋ, ಇದಾ’ ಎನ್ನಲಿಲ್ಲ, ಕಣ್ಣನ್ನೂ ಮುಚ್ಚಲಿಲ್ಲ. ಗಾಲಿಕುರ್ಚಿಯ ಎದುರಿಗೆ ಒಂದು ಸ್ಟೂಲ್ ಎಳೆದುಕೊಂಡು ಕೂತು, ಅಜ್ಜಿಯ ಎಡಗೈಯನ್ನೇ ನೋಡುತ್ತ ಮೊದಲ ಗೆರೆ ನುಡಿಸಿದರು. ಉದ್ದಕ್ಕೊಂದು, ಗಿಡ್ಡಕ್ಕೆರಡು, ಮೌನ.

ಅಜ್ಜಿಯ ಕೈ ಕುರ್ಚಿಯ ತೋಳಿನ ಮೇಲೆ ನಿಂತುಹೋಯಿತು.

“ಗೊತ್ತು, ಗೊತ್ತು,” ಎಂದರು ಮುಂದಿನ ಸಾಲಿನವರು. “ನಮ್ಮ ಮದುವೇಲಿ ಇದನ್ನೇ ಹಾಡಿದ್ರು.”

ಎರಡನೇ ಗೆರೆಗೆ ಅಜ್ಜಿಯ ಕೈ ಹೊರಟಿತು. ಮೂರನೇ ಗೆರೆಗೆ ಅವಳು ತಲೆ ಅಲ್ಲಾಡಿಸಿದಳು.

“ಅಲ್ಲ.”

ಮೇಷ್ಟ್ರು ನಿಲ್ಲಿಸಿದರು. ಅಜ್ಜಿ ಮೂರನೇ ಗೆರೆಯನ್ನು ಮಾತ್ರ ಹಾಡಿ ತೋರಿಸಿದಳು, ಎರಡು ಸಲ, ದಡ್ಡನಿಗೆ ಹೇಳಿಕೊಡುವ ಹಾಗೆ. ಮೇಷ್ಟ್ರು ಹಿಡಿಯಲು ನೋಡಿದರು. “ಅಲ್ಲ.” ಮತ್ತೆ ನೋಡಿದರು. ಸುಮಾರಾಗಿ ಬಂತು. ಆಮೇಲೆ ಇಬ್ಬರೂ ಮೊದಲಿಂದ ಕೊನೆಯವರೆಗೆ ಹೋದರು, ಅವಳು ‘ಅಲ್ಲ’ದಲ್ಲಿ, ಇವರು ತಿದಿಯಲ್ಲಿ. ಮೂರನೇ ಗೆರೆ ಮತ್ತೆ ಸ್ವಲ್ಪ ಕುಂಟಿತು. ಹಾಡು ಮುಗಿದಾಗ ಚಪ್ಪಾಳೆ ಬೀಳಲಿಲ್ಲ. ಮುಗಿಯಿತೋ ಇಲ್ಲವೋ ಯಾರಿಗೂ ಗೊತ್ತಾಗಿರಲಿಲ್ಲ.

ಮೇಡಂ ಹಾಳೆ ಹಿಡಿದು ಬಂದಳು. “ಹಿಡಿಸ್ತಾ ಅಮ್ಮಾ?”

“ಅಲ್ಲ.”

“ಡಬ್ಬಿ ಹಿಡಿಸ್ತಾ?”

“ಅಲ್ಲ.”

ಮೇಡಮ್ಮಿನ ಪೆನ್ನು ಅಳುವ ಮುಖದ ಕಡೆ ಹೊರಟಿತು. ಮೇಷ್ಟ್ರ ಕೈ ಒಳಜೇಬಿಗೆ ಹೋಯಿತು. ಕಾಗದ ಅಲ್ಲೇ ಇತ್ತು, ಮೊಹರು ಸಮೇತ: ಇವರ ಅಲ್ಲ ಎಂಬ ಮಾತಿಗೆ ಅರ್ಥವಿಲ್ಲ. ಅದನ್ನು ತೆಗೆದು ಮೇಜಿನ ಮೇಲಿಟ್ಟರೆ ಬುಧವಾರ ಉಳಿಯುತ್ತಿತ್ತು. ಆದರೆ ಈಗಷ್ಟೇ ಮೂರನೇ ಗೆರೆಯನ್ನು ಎರಡು ಸಲ ತಿದ್ದಿದ ಮಾತು ಅದೇ ತಾನೆ. ಅದಕ್ಕೆ ಅರ್ಥವಿಲ್ಲವೆಂದು ಸಹಿ ತೋರಿಸಲು ಹತ್ತೊಂಬತ್ತು ವರ್ಷ ಆನೆ ಹತ್ತಿಸಿದ ಮುಖಕ್ಕೂ ಧೈರ್ಯ ಬರಲಿಲ್ಲ. ಕೈ ಖಾಲಿಯೇ ಹೊರಗೆ ಬಂತು.

“ಮೇಡಂ, ಪೆನ್ನು ಅವರ ಕೈಗೆ ಕೊಡಿ,” ಎಂದರು.

“ಅವರ ಕೈ ಆಡಲ್ವಲ್ಲ.”

“ಬಲಗೈ ಆಡಲ್ಲ. ಎಡಗೈ ಏಳು ವಾರದಿಂದ ಆಡ್ತಾನೇ ಇದೆ.”

ಪೆನ್ನು ಕೊಟ್ಟರು. ಅಜ್ಜಿ ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡು, ಮೊದಲು ಅಂಗೈಯಿಂದ ಅದರ ಮಡಿಕೆ ಸವರಿ ನೇರ ಮಾಡಿದಳು. ನಗುವ ಮುಖವನ್ನು ನೋಡಿದಳು. ಅಳುವ ಮುಖವನ್ನು ನೋಡಿದಳು. ಮೇಷ್ಟ್ರ ಮುಖವನ್ನೂ, ಅಲ್ಲಿಂದ ಕಾಲರನ್ನೂ ನೋಡಿದಳು. ಬಿಸ್ಕತ್ತು ಪಣವಿಟ್ಟವರು ಎದ್ದೇ ನಿಂತಿದ್ದರು, ಏಳಲಾಗುವವರು. ಅಜ್ಜಿ ನಡುವಿನ ಸುಮ್ಮನಿರುವ ಮುಖದ ಮೇಲೆ ಒಂದು ಗೆರೆ ಎಳೆದಳು. ಗೆರೆ ಇಸ್ತ್ರಿ ಮಾಡಿದಷ್ಟು ನೆಟ್ಟಗಿತ್ತು.

“ಸರಿಯಾಗೇ ಹಾಕಿದಾಳೆ,” ಎಂದ ಕಂಡಕ್ಟರ್ ತಾತ. “ಮೂರನೇ ಗೆರೆ ಇನ್ನೂ ಬರ್ಬೇಕು.”

ಮೇಡಂ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅಳುವ ಮುಖ ಒಂದೂ ಇರಲಿಲ್ಲ. ಆಡಳಿತದವರು ಅಳುವ ಮುಖದ ಬಗ್ಗೆ ಹೇಳಿದ್ದರೇ ಹೊರತು ಸುಮ್ಮನಿರುವ ಮುಖದ ಬಗ್ಗೆ ಏನನ್ನೂ ಹೇಳಿರಲಿಲ್ಲ. ಹೇಳದ್ದನ್ನು ಮಾಡುವ ಅಭ್ಯಾಸ ಮೇಡಮ್ಮಿಗಿರಲಿಲ್ಲ. “ಹಾಗಾದ್ರೆ ಮುಂದಿನ ಬುಧವಾರಾನೂ ಬನ್ನಿ ಮಾಸ್ಟ್ರೇ,” ಎಂದಳು. ಡಬ್ಬಿಯನ್ನು ಊಟದ ಕೋಣೆಗೆ ಒಯ್ದಿಟ್ಟರು. ಅದೀಗ ಗಂಟೆ ಎಷ್ಟೆಂದು ಹೇಳುತ್ತದೆ. ಯಾರೂ ಕೇಳುವುದಿಲ್ಲ, ಅಲ್ಲಿಯವರೆಲ್ಲ ಚಹಾದ ಗಾಡಿ ನೋಡಿ ಹೊತ್ತು ತಿಳಿಯುವವರು.

ಮರುದಿನ ಬೆಳಗ್ಗೆ ಹೆಂಡತಿ ಏಳುವಾಗ ಮೇಷ್ಟ್ರು ಊಟದ ಮೇಜಿನ ಮೇಲೆ ಕಂಬಳಿ ಹಾಸಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ಮದುವೆಯಾದಂದಿನಿಂದ ಅವರು ಇಸ್ತ್ರಿ ಪೆಟ್ಟಿಗೆ ಮುಟ್ಟಿದ್ದು ಅದೇ ಮೊದಲು. ಒಂದು ತೋಳು ಆಗಲೇ ಕಂದಿತ್ತು. ಉದ್ದಕ್ಕೊಂದು, ಗಿಡ್ಡಕ್ಕೆರಡು, ಎತ್ತಿ ನಿಲ್ಲಿಸುವುದು. ಬಟ್ಟೆ ಮಗುಚುವಲ್ಲಿ ಕೈ ತಡವಾಗುತ್ತಿತ್ತು. ಆ ತಡದಲ್ಲೇ ಮೂರನೇ ಗೆರೆಯಿತ್ತು. ಅದನ್ನೇ ಗುನುಗುತ್ತ ಮತ್ತೆ ಮತ್ತೆ ಮಗುಚುತ್ತಿದ್ದರು.

“ಚೆನ್ನಾಗಿದೆ,” ಎಂದಳು ಹೆಂಡತಿ, ಬಾಗಿಲಿಗೆ ಒರಗಿ. “ಯಾವ ಹಾಡ್ರೀ ಅದು?”

ಮೇಷ್ಟ್ರು ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದರು.

“ಗೊತ್ತಿಲ್ಲ,” ಎಂದರು.

ಔಷಧಿ ಅಂಗಡಿಯ ಹೆಂಗಸು ಹತ್ತಿರ ಬಂದು ಅವರ ಹಣೆ ಮುಟ್ಟಿ ನೋಡಿದಳು.